ವಿಹಾರ ಕೆರೆಯ ಕಾವಲುಗಾರನ ಮೀಸೆ

ದಾದರಿನಿಂದ ಹೊರಟ ಕಾಂತಪ್ಪನ ಸೈಕಲ್ಲು ಆ ಭಾನುವಾರ ಎಂಥ ವೇಗದಲ್ಲಿ ಹೋಯಿತೆಂದರೆ, ಅವನ ನೆರಳು ಹಿಂದೆ ಬಿದ್ದು, ಮರೋಳದಲ್ಲಿ ದಾರಿ ತಪ್ಪಿ, ಸಂಜೆ ಅಂಧೇರಿಯಲ್ಲಿ ಲೋಕಲ್ ಹತ್ತಿ ಟಿಕೆಟ್ಟಿಲ್ಲದೆ ವಾಪಸು ಬಂತು. ವಿಹಾರ ಕೆರೆ ಅಡ್ಡ ಬಂದಾಗ ಅವನು ಬ್ರೇಕು ಹಿಡಿಯುವ ಗೋಜಿಗೇ ಹೋಗಲಿಲ್ಲ. ನೀರಿನ ಮೇಲೆಯೇ ಬಿಟ್ಟ. ಟಯರು ಒದ್ದೆಯಾಯಿತೇ ಹೊರತು ರಿಮ್ಮಿಗೆ ಒಂದು ಹನಿ ತಾಗಲಿಲ್ಲ. ನಡುಕೆರೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಮೊಸಳೆ ಇವನ ಗಂಟೆ ಕೇಳಿ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಿತು. ಆಚೆ ದಡದಿಂದ ಕಾನ್ಹೇರಿ ಗುಡ್ಡಕ್ಕೆ ಒಂದೇ ಉಸಿರು. ಅಲ್ಲಿಯ ಗುಹೆಗಳಲ್ಲಿ ಎಷ್ಟೋ ಕಾಲದಿಂದ ಕಣ್ಣು ಮುಚ್ಚಿ ಕೂತ ಕಲ್ಲಿನ ಬುದ್ಧರಲ್ಲಿ ಒಬ್ಬ ಅರೆಗಣ್ಣು ತೆರೆದು, ಹೋದದ್ದು ಯಾರಪ್ಪ ಎಂದು ನೋಡಿದ.

ಹೀಗೆಂದು ಕಾಂತಪ್ಪ ದೋಸೆ ಕಾವಲಿಯ ಹಿಂದೆ ನಿಂತು ಸಟ್ಟುಗ ಝಳಪಿಸುತ್ತ ಹೇಳುತ್ತಿದ್ದ. ಸೋಮವಾರ ಬೆಳಿಗ್ಗೆ, ದಾದರ್ ಸ್ಟೇಷನ್ನಿನ ಎದುರಿನ ಹೋಟೆಲು, ಗಿರಾಕಿಗಳ ನೂಕುನುಗ್ಗಲು. ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ, ಕೆಂಡದಂಥ ಸಿಟ್ಟಿತ್ತು. ಆ ಸಿಟ್ಟಿನ ಝಳಕ್ಕೆ ಹಿಟ್ಟು ಕಾವಲಿಗೆ ಬೀಳುವ ಮೊದಲೇ ಬೇಯುತ್ತಿತ್ತು ಎಂದರೆ ಹೆಚ್ಚಾಗಲಾರದು.

"ಅದೆಲ್ಲ ಇರ್ಲಿ ಮಾರಾಯ," ಎಂದ ಗಲ್ಲಾದಲ್ಲಿ ಕೂತಿದ್ದ ಸದಾನಂದ. ಅವನು ಹೋಟೆಲಿನ ಧಣಿ. "ನೀರಿನ ಮೇಲೆ ಹೋದ ನನ್ನ ಸೈಕಲ್ಲು ಈಗ ಎಲ್ಲುಂಟು? ಅದು ಹೇಳು."

ಸದಾನಂದನ ಸೋದರಮಾವ ತೀರಿಕೊಂಡಾಗ, ಅವರ ಅಳಿಯಸಂತಾನದ ಕಟ್ಟಿನ ಪ್ರಕಾರ ಹೋಟೆಲು ಅಳಿಯನಾದ ಇವನಿಗೆ ಬಂದಿತ್ತು. ಜೊತೆಗೆ ಬಂದದ್ದು ಮಾವನ ಸೈಕಲ್ಲು. ಮಾವನ ಗಡಿಯಾರವನ್ನು ಯಾರಿಗೋ ಕೊಟ್ಟ, ಕೊಡೆಯನ್ನು ಲೋಕಲ್‌ನಲ್ಲಿ ಬಿಟ್ಟ. ಸೈಕಲ್ಲನ್ನು ಮಾತ್ರ ದಿನಾ ದೇವರಿಗೆ ದೀಪ ಇಟ್ಟ ಕೈಯಿಂದಲೇ ಒರೆಸುತ್ತಿದ್ದ. ಅದರ ಸೀಟಿನ ಮೇಲೆ ನೊಣ ಕೂತರೂ ಅನುಮತಿ ಕೇಳಿ ಕೂರಬೇಕು. ಅಂಥ ಸೈಕಲ್ಲನ್ನು ಕಾಂತಪ್ಪ ಹೊಗಳಿ, ಬೇಡಿ, ಕಾಡಿ ಒಂದು ದಿನದ ಮಟ್ಟಿಗೆ ತೆಗೆದುಕೊಂಡು ಹೋಗಿ, ಸಂಜೆ ಬರಿಗಾಲಲ್ಲಿ, ಬರಿಗೈಯಲ್ಲಿ ಬಂದಿದ್ದ.

"ಕಸ್ಕೊಂಡ ಧಣಿ, ಕಸ್ಕೊಂಡ! ಕೆರೆಯ ಕಾವಲಿನವ. ಏಳು ಅಡಿ ಆಳು. ಅವನ ಮೀಸೆ ಉಂಟಲ್ಲ, ಆಚೆ ತುದಿಗೊಂದು ಈಚೆ ತುದಿಗೊಂದು ಲಿಂಬೆಹಣ್ಣು ಇಟ್ರೆ ಉರುಳುದಿಲ್ಲ. ಕ್ಯಾನಿನಲ್ಲಿ ಎಂತ ಉಂಟು ಕೇಳಿದ. ಕಾಫಿ ಅಂದೆ. ಅಲ್ಲ, ಕಳ್ಳಭಟ್ಟಿ ಅಂದ. ಸರ್ಕಾರ ಸಾರಾಯಿ ನಿಲ್ಲಿಸಿದ ದಾರೂಬಂದಿ ಕಾಲ, ಕಾಡಿನ ದಾರಿಯಲ್ಲಿ ಕ್ಯಾನು ಕಂಡ್ರೆ ಅವರಿಗೆ ಅದೇ ಯೋಚನೆ ಅಲ್ವಾ? ಕುಡಿದು ನೋಡಿ ಅಂದೆ. ಕುಡಿದ. ಪೂರ ಕ್ಯಾನು ಒಂದೇ ಗುಟುಕು! ಕುಡಿದು ಮೀಸೆ ಒರೆಸ್ಕೊಂಡು, ಸೈಕಲ್ಲು ಇಟ್ಟು ನಡಿ ಅಂದ."

"ನೀನು ಬಿಟ್ಟು ಬಂದಿಯಾ?"

"ಬಿಟ್ಟೆನಾ? ಮೂರು ಗಳಿಗೆ ಹೊಡೆದಾಟ. ಒಂದು ಮರ ಬಿತ್ತು."

ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಸತ್ಯಮೂರ್ತಿ ಲೋಟ ಕುಕ್ಕಿದ. ಮೈಸೂರು ಕಡೆಯವನು, ವಿಕ್ರೋಳಿಯ ಕಂಪನಿಯೊಂದರಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಆಫೀಸಿನ ಮೂರು ಜನ ಗೆಳೆಯರನ್ನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಊರ ಹೊರಗೆ ಹೋಗುವುದು ಅವನ ಹುಚ್ಚು: ಡಾಂಬರು ಮುಗಿದ ಮೇಲಿನ ಜಲ್ಲಿ ದಾರಿ, ಕೆರೆ ಏರಿ, ಪಾಳು ಕೋಟೆ, ಗುಹೆ. ಹಿಂದಿನ ದಿನ ಕಾನ್ಹೇರಿಗೆ ಹೋದದ್ದೂ ಅವರೇ. ಕಾಡಿನ ದಾರಿಯ ಕಲ್ಲು ಕಲ್ಲೂ ನನಗೆ ಗೊತ್ತು, ಅಲ್ಲಿಯ ಚಿರತೆಗಳು ನನ್ನನ್ನು ಹೆಸರು ಹಿಡಿದು ಕರೆಯುತ್ತವೆ ಎಂದು ಕಾಂತಪ್ಪ ಹೇಳಿದ್ದರಿಂದ ಅವನನ್ನೂ ಕರೆದುಕೊಂಡಿದ್ದರು. ಇಡ್ಲಿಯ ಡಬ್ಬಿ, ಚಟ್ನಿಯ ಪಾತ್ರೆ, ಕಾಫಿಯ ಕ್ಯಾನು ಎಲ್ಲ ಇದ್ದದ್ದು ಕಾಂತಪ್ಪನ ಸೈಕಲ್ಲಿನ ಮೇಲೆ.

"ನಾವು ನಾಲ್ಕು ಜನ ಸಾಯಂಕಾಲದ ತನಕ ಆ ಗುಹೆ ಬಾಗಿಲಲ್ಲಿ ಹೊಟ್ಟೆ ಹಿಡ್ಕೊಂಡು ಕೂತಿದ್ವಿ ಕಣ್ರೀ," ಎಂದ ಸತ್ಯಮೂರ್ತಿ ಸದಾನಂದನಿಗೆ. "ಈ ಮಾಣಿಯನ್ನ ಬೈದದ್ದೂ ಬೈದದ್ದೇ. ಈಗ ಗೊತ್ತಾಯ್ತು. ನಾನು ಇದನ್ನ ಬಿಡೋದಿಲ್ಲ. ಸರ್ಕಾರಿ ಸಂಬಳ ತಿಂದು ದಾರಿಹೋಕರ ಸೈಕಲ್ ಕಿತ್ಕೊಳ್ಳೋದಾ? ಮುಂದಿನ ಭಾನುವಾರ ಹೋಗಿ ಆ ಮೀಸೆಯವನನ್ನ ಹಿಡಿಯೋಣ. ಅವನ ಮೇಲಿನ ಸಾಹೇಬರು ಅಲ್ಲೇ ಬಂಗಲೇಲಿ ಇರ್ತಾರಂತೆ. ನಿಂತ ನಿಲುವಿನಲ್ಲಿ ಕೆಲಸ ತೆಗೆಸ್ತೀನಿ!"

"ತೆಗೆಸಿ ರಾಯರೇ," ಎಂದ ಕಾಂತಪ್ಪ. ಇಲ್ಲದ ಮನುಷ್ಯನ ಕೆಲಸ ಯಾರು ಬೇಕಾದರೂ ತೆಗೆಯಲಿ ಎಂಬ ಧೈರ್ಯ ಅವನದು.

ವಾರವಿಡೀ ಹೋಟೆಲಿನಲ್ಲಿ ಆ ಮೀಸೆ ಬೆಳೆಯಿತು. ಬುಧವಾರದ ಹೊತ್ತಿಗೆ ಅದನ್ನು ಕಿವಿಗೆ ಸುತ್ತಿಕೊಳ್ಳುವಷ್ಟಾಗಿತ್ತು. ಶುಕ್ರವಾರ ಕಾವಲುಗಾರ ಎಂಟು ಅಡಿಯಾದ. ಪಾತ್ರೆ ತೊಳೆಯುವವರಿಂದ ಹಿಡಿದು ಎಲ್ಲರೂ ಅವನಿಗೆ ಶಾಪ ಹಾಕಿದರು. ಮಾವನ ಸೈಕಲ್ಲು ನಿಲ್ಲುತ್ತಿದ್ದ ಜಾಗ ನೋಡಿದಾಗಲೆಲ್ಲ ಸದಾನಂದ ಹಲ್ಲು ಕಡಿಯುತ್ತಿದ್ದ. ಆ ಸದ್ದಿಗೆ ಸ್ಟೇಷನ್ನಿನಲ್ಲಿ ಗಾಡಿ ಬಂತೆಂದು ಜನ ಏಳುತ್ತಿದ್ದರಂತೆ.

ಭಾನುವಾರ ಬೆಳಗಾದೊಡನೆ ಮೂವರೂ ಹೊರಟರು. ಸತ್ಯಮೂರ್ತಿ ತನ್ನ ಸೈಕಲ್ಲಿನಲ್ಲಿ. ಸದಾನಂದ, ಕಾಂತಪ್ಪ ಬಾಡಿಗೆಯವುಗಳಲ್ಲಿ. ಮಾಹೀಮ್, ಬಾಂದ್ರಾ, ವಿಲೆ ಪಾರ್ಲೆಯವರೆಗೆ ಡಾಂಬರು. ಅಂಧೇರಿಯಲ್ಲಿ ರೈಲು ಹಳಿ ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಊರು ತೆಳ್ಳಗಾಯಿತು. ಮರೋಳದಿಂದಾಚೆ ಕೆಂಪು ಜಲ್ಲಿಯ ದಾರಿ. ಎರಡೂ ಕಡೆ ತೆನೆ ಬಾಗಿದ ಗದ್ದೆ, ದಾರಿ ಬದಿಯ ಶಿಲುಬೆಗಳಿಗೆ ಗೊಂಡೆ ಹೂವಿನ ಮಾಲೆ, ಪೊದೆಗಳ ನಡುವೆ ಪೋರ್ತುಗೀಸರ ಕಾಲದ ಪಾಳು ಇಗರ್ಜಿ. ಅದರ ಗೋಡೆಯನ್ನು ಆಲದ ಬೇರು ಅಪ್ಪಿ ಹಿಡಿದಿತ್ತು; ಬೇರು ಬಿಟ್ಟರೆ ಗೋಡೆ ಇಲ್ಲ, ಗೋಡೆ ಬಿಟ್ಟರೆ ಬೇರಿಲ್ಲ.

ಸತ್ಯಮೂರ್ತಿ ಅಲ್ಲಿ ಇಳಿದು ಬೆವರೊರೆಸಿಕೊಂಡ. "ಹೋದ ವಾರ ಇಲ್ಲೇ ಅಲ್ವೇ ಕೂತದ್ದು? ಏನು ತಂಪು! ಮಾಣಿ, ನೀರಿನ ಬಾಟಲಿ ಕೊಡು."

ಕಾಂತಪ್ಪ ಬಾಟಲಿ ಕೊಟ್ಟ. ಕೊಡುವಾಗ ಅವನ ಕಿವಿ ಕೆಂಪಗಾಯಿತು. ಮೂವತ್ತು ದಾಟಿದ ಗಂಡಸು, ಮೂರು ಕಾವಲಿಗಳನ್ನು ಒಟ್ಟಿಗೆ ನೋಡಿಕೊಳ್ಳುವವನು, ದಾದರಿನಲ್ಲಿ ಅವನ ದೋಸೆ ತಿನ್ನಲು ಗಿರಗಾಂವ್‌ನಿಂದ ಜನ ಬರುತ್ತಾರೆ. ಲಂಡನ್ನಿನಿಂದಲೂ ಬರುತ್ತಾರೆ ಎಂದು ಅವನೇ ಹೇಳುವುದುಂಟು. ಆದರೆ ಈ ರಾಯರಿಗೆ ಹೋಟೆಲಿನ ನೆರಳು ಬಿದ್ದವರೆಲ್ಲ ಮಾಣಿ.

"ಯಾಕೆ ಹಾಗೆ ಹಲ್ಲು ಕಚ್ತಿ?" ಎಂದ ಸದಾನಂದ.

"ಆ ಕಾವಲಿನವನ ನೆನಪಾಯ್ತು ಧಣಿ."

ಅಲ್ಲಿಂದ ಏರು. ಆರೆ ಕಾಲನಿಯ ಹೊಸ ಎಮ್ಮೆ ಕೊಟ್ಟಿಗೆಗಳನ್ನು ಬದಿಗಿಟ್ಟು ದಾರಿ ಕಾಡಿಗೆ ಹೊಕ್ಕಿತು. ಜಲ್ಲಿ ಚಕ್ರದಡಿಯಿಂದ ಸಿಡಿದು ಮುಂಗಾಲಿಗೆ ಬಡಿಯಿತು. ನೀರಿನ ಮೇಲೆ ಸೈಕಲ್ಲು ಬಿಟ್ಟವನು ಮೊದಲ ತಿರುವಿನಲ್ಲೇ ಇಳಿದು ನೂಕತೊಡಗಿದ. "ಚೈನು ಸಡಿಲ," ಎಂದ. ಎರಡನೇ ತಿರುವಿನಲ್ಲಿ, "ಕಾಲಿಗೆ ಹಳೇ ಪೆಟ್ಟು," ಎಂದ. ದಪ್ಪ ಹೊಟ್ಟೆಯ ಸದಾನಂದ ಸಿಟ್ಟಿನ ಬಲದಿಂದಲೇ ತುಳಿದು ಅವನನ್ನು ದಾಟಿ ಹೋದ.

ಏರು ಮುಗಿದಲ್ಲಿ ಕೆರೆ. ಮಳೆಗಾಲ ಕುಡಿದು ತುಂಬಿದ ನೀರು, ಅದರಲ್ಲಿ ತಲೆಕೆಳಗಾದ ಗುಡ್ಡಗಳು. ಕಟ್ಟೆಯ ಈ ತುದಿಯಲ್ಲಿ ಹೆಂಚಿನ ಒಂದು ಗೂಡು, ಮುಂದೆ ಒಣಗಲು ಹಾಕಿದ ಇಳಕಲ್ ಸೀರೆ. ಖಾಕಿ ಅಂಗಿಯ ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಸಣಕಲು ಆಳು. ನಿಂತರೆ ಸದಾನಂದನ ಭುಜಕ್ಕೆ ಬಂದಾನು. ಮೀಸೆ ಇರಲಿಲ್ಲ. ಒಂದು ಎಳೆಯೂ ಇರಲಿಲ್ಲ.

"ಕೆರೆಯ ಕಾವಲು ಯಾರದ್ದು?" ಎಂದು ಸತ್ಯಮೂರ್ತಿ ಹಿಂದಿಯಲ್ಲಿ ಗದರಿಸಿದ.

ಇವರು ತಮ್ಮೊಳಗೆ ಆಡಿದ ಮಾತು ಆ ಮನುಷ್ಯನ ಕಿವಿಗೆ ಬಿದ್ದಿತ್ತು. ಮುಖ ಅರಳಿತು. "ಕನ್ನಡದವ್ರೇನ್ರೀ? ಬರ್ರಿ, ಬರ್ರಿ! ಕಾವಲು ನಂದಽ ರೀ. ಮುರಿಗೆಪ್ಪ ಅಂತಾರ. ಬಿಜಾಪುರದ ಕಡೆಯಾಂವ. ಇಲ್ಲಿ ನಾ ಒಬ್ಬನಽ ಇರೋದು. ಏ ಶೀಲಾವತಿ, ಮಂದಿ ಬಂದಾರ, ಚಾ ಇಡು!"

ಕಾಂತಪ್ಪ ಬಾಡಿಗೆ ಸೈಕಲ್ಲಿನ ಹಿಂದಕ್ಕೆ ಸರಿದ. ಈ ಮನುಷ್ಯನನ್ನು ಅವನು ಹಿಂದೆ ಕಂಡಿರಲಿಲ್ಲ. ಯಾವ ಕಾವಲುಗಾರನನ್ನೂ ಕಂಡಿರಲಿಲ್ಲ.

"ಚಾ ಬೇಡ," ಎಂದ ಸದಾನಂದ. "ನನ್ನ ಸೈಕಲ್ಲು ಎಲ್ಲುಂಟು?"

"ಯಾವ ಸೈಕಲ್ಲರೀ?"

"ಹೋದ ಭಾನುವಾರ ಇವನ ಕೈಯಿಂದ ಕಸ್ಕೊಂಡದ್ದು!"

"ನಾನೇನ್ರೀ? ಈ ಮನಷ್ಯಾನ್ನ ನಾ ನೋಡೇ ಇಲ್ಲ!"

ಸದಾನಂದ ಕಾಂತಪ್ಪನ ಕಡೆ ತಿರುಗಿದ. "ಇವನೇಯಾ? ಮೀಸೆ ಎಲ್ಲಿ?"

ಇಲ್ಲ ಧಣಿ, ಇವನಲ್ಲ, ಬೇರೆಯವನು ಎನ್ನಲು ಕಾಂತಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸತ್ಯಮೂರ್ತಿ ಚಪ್ಪಾಳೆ ತಟ್ಟಿದ.

"ಬೋಳಿಸಿಬಿಟ್ಟಿದ್ದಾನೆ ಕಣ್ರೀ! ನೋಡಿ, ನೋಡಿ, ಮೇಲ್ದುಟಿ ಎಷ್ಟು ನುಣ್ಣಗಿದೆ! ಕದ್ದವನು ಮೊದಲು ಮಾಡೋ ಕೆಲಸವೇ ಅದು. ಇಲ್ಲಿ ತಾನೊಬ್ಬನೇ ಕಾವಲು ಅಂತ ಅವನ ಬಾಯಲ್ಲೇ ಬಂತಲ್ಲ. ಇನ್ನೇನು ಬೇಕು?"

"ಎಲಾ ಇವನ!" ಎಂದು ಸದಾನಂದ ಮುರಿಗೆಪ್ಪನ ಕೊರಳಪಟ್ಟಿಗೆ ಕೈ ಹಾಕಿದ. ರೊಟ್ಟಿ ಮಣ್ಣಿಗೆ ಬಿತ್ತು. ಆ ಸಣಕಲು ಮನುಷ್ಯ ಬುಡ ಸಮೇತ ಮೇಲೆದ್ದ.

ಒಳಗಿನಿಂದ ಹೆಂಗಸು ಓಡಿ ಬಂದಳು. ತುಂಬಿದ ಬಸುರಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಚಿಮಟ. "ಯಾರ್ರೀ ನೀವು? ಮನೀಗೆ ಬಂದು ಗಂಡನ ಕೊರಳು ಹಿಡೀತೀರಿ? ಬಿಡ್ರಿ! ಬಿಡ್ತೀರೋ, ಇದರ್ಲೆ ಕೊಡ್ಲೋ?"

"ನಿನ್ನ ಗಂಡ ಕಳ್ಳ ಕಣಮ್ಮ," ಎಂದ ಸತ್ಯಮೂರ್ತಿ.

"ನಿಮ್ಮ ನಾಲಿಗಿಗೆ ಹುಳ ಬೀಳ್ಲಿ! ಹನ್ನೊಂದು ವರ್ಷದಿಂದ ಈ ನೀರು ಕಾಯ್ತಾನ. ಒಂದು ಮೀನೂ ಮಾರಿಕೊಂಡಿಲ್ಲ!"

"ಅದನ್ನೆಲ್ಲ ಬಂಗಲೆ ಸಾಹೇಬರ ಮುಂದೆ ಹೇಳು. ಸದಾನಂದರೇ, ಹಿಡ್ಕೊಂಡಿರಿ, ನಾನು ಹೋಗಿ ಕರ್ಕೊಂಡು ಬರ್ತೀನಿ. ಸಂಜೆಯೊಳಗೆ ಈ ಗೂಡು ಖಾಲಿ ಮಾಡಿಸದಿದ್ರೆ ನನ್ನ ಹೆಸರು ಸತ್ಯಮೂರ್ತಿ ಅಲ್ಲ."

ಸಾಹೇಬರ ಹೆಸರು ಕೇಳಿದ್ದೇ ಮುರಿಗೆಪ್ಪನ ಸಿಟ್ಟು ಹೆದರಿಕೆಯಾಯಿತು. ಅಲ್ಲಿಯವರೆಗೆ ಕೈಕಾಲು ಬಡಿಯುತ್ತಿದ್ದವನು ಎರಡೂ ಕೈ ಜೋಡಿಸಿದ. "ಬ್ಯಾಡ್ರಿ. ಆ ಸಾಹೇಬ್ರು ಕೇಳೂದಿಲ್ರೀ. ಹೋದ ವರ್ಷ ನೀರಿನ ಕೊಳವಿ ಕಾಯಾಂವನ ಮ್ಯಾಲ ಯಾರೋ ಒಂದು ಮಾತು ಹೇಳಿದ್ರು. ಮರುದಿನ ಅವನ ಗಂಟುಮೂಟಿ ರಸ್ತೆ ಮ್ಯಾಗ. ಇಕಿಗೆ ದಿನಾ ತುಂಬ್ಯಾವ್ರೀ. ನಾ ಎಲ್ಲಿ ಕರಕೊಂಡು ಹೋಗ್ಲಿ?" ಆಮೇಲೆ ಕಾಂತಪ್ಪನ ಕಡೆ ಕೊರಳು ತಿರುಗಿಸಿ ಕಿರುಚಿದ: "ಏ ತಮ್ಮಾ! ಬಾಯಿ ಬಿಡೋ! ನಾ ನಿನಗ ಏನ್ ಮಾಡೇನೋ?"

ಸಾವಿರ ಜನರ ಮುಂದೆ ಮೊಸಳೆಯ ಬಾಯಿ ಮುಚ್ಚಿಸಿದ ಕಾಂತಪ್ಪನ ಬಾಯಿ ಈಗ ಮುಚ್ಚಿತ್ತು. ಒಂದು ಮಾತು ಹೇಳಿದರೆ ಈ ಮನುಷ್ಯ ಉಳಿಯುತ್ತಾನೆ. ಅದೇ ಮಾತು ಹೇಳಿದರೆ ದಾದರಿನ ಕಾವಲಿ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಈ ರಾಯ ನಗುತ್ತಾನೆ. ಆ ನಗುವನ್ನು ನೆನೆದರೆ ಸಾಕು, ಅವನ ಎದೆಯಲ್ಲಿ ಮತ್ತೆ ಉರಿ ಎದ್ದು ನಾಲಿಗೆಯನ್ನು ಅಂಟಿಸಿಬಿಡುತ್ತಿತ್ತು.

"ನೋಡಿದ್ರಾ? ಹೆದರಿ ಮಾತೇ ಬರ್ತಿಲ್ಲ ಪಾಪ," ಎಂದ ಸತ್ಯಮೂರ್ತಿ, ಸೈಕಲ್ಲು ತಿರುಗಿಸುತ್ತ. "ಮಾಣಿ, ನೀನು ಸಾಹೇಬರ ಎದುರು ಬರೀ ತಲೆ ಆಡಿಸು. ಮಾತು ನಾನಾಡ್ತೀನಿ."

"ನಿಲ್ಲಿ ರಾಯರೇ," ಎಂದ ಸದಾನಂದ. ಅವನ ಹಿಡಿತ ಸಡಿಲವಾಗಿರಲಿಲ್ಲ, ಆದರೆ ದನಿ ತಗ್ಗಿತ್ತು. ಬಸುರಿ ಹೆಂಗಸು ಎದುರು ನಿಂತಿದ್ದದ್ದು ಅವನಿಗೆ ಸರಿಬರಲಿಲ್ಲ. "ಒಬ್ಬನ ಅನ್ನ ತೆಗೆಯುವ ಮೊದಲು ನಮ್ಮ ಊರಿನ ಕ್ರಮ ಒಂದುಂಟು. ಅದು ಮುಗೀಲಿ. ಏ ಮುರಿಗೆಪ್ಪ, ನೀನು ಆಣೆ ಹಾಕ್ತಿಯಾ?"

ಮುರಿಗೆಪ್ಪ ಅಂಗಿಯ ಒಳಗೆ ಕೈ ಹಾಕಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. "ಈ ಲಿಂಗದ ಮ್ಯಾಲ ಆಣಿ. ನಾ ಸೈಕಲ್ಲು ಮುಟ್ಟಿದ್ರ ಇಕಿ ಹೊಟ್ಟ್ಯಾಗಿನ ಕೂಸು ನನಗ ದಕ್ಕಬ್ಯಾಡ."

"ಏನ್ರೀ ಇದು? ಕೋರ್ಟೇ?" ಎಂದು ಸತ್ಯಮೂರ್ತಿ ಸಿಡುಕಿದ.

"ಕೋರ್ಟಲ್ಲಿ ಸುಳ್ಳು ಹೇಳಿದ್ರೆ ಜೈಲು, ರಾಯರೇ. ಜೈಲಿಂದ ಹೊರಗೆ ಬರ್ಬಹುದು. ದೈವದ ಹೆಸರಲ್ಲಿ ಸುಳ್ಳು ಹೇಳಿದ್ರೆ ತಲೆತಲಾಂತರಕ್ಕೂ ಹೊರಗೆ ಬರ್ಲಿಕ್ಕಿಲ್ಲ." ಸದಾನಂದ ಕಾಂತಪ್ಪನತ್ತ ತಿರುಗಿದ. ದನಿಯಲ್ಲಿ ಅನುಮಾನವಿರಲಿಲ್ಲ, ಬೇಗ ಮುಗಿಸಿ ಸೈಕಲ್ಲು ಪಡೆಯುವ ಅವಸರವಿತ್ತು. "ಕಾಂತಪ್ಪ, ಒಂದು ಚಿಟಿಕೆ ಮಣ್ಣು ತೆಗೆ. ತೆಂಕು ದಿಕ್ಕಿಗೆ, ಊರಿಗೆ ಮುಖ ಮಾಡು. ನಿಮ್ಮ ಮನೆಯ ದೈವ ಪಂಜುರ್ಲಿಯ ಹೆಸರು ಹೇಳಿ, ಕಸ್ಕೊಂಡದ್ದು ಇವನೇ ಅಂತ ಹೇಳಿಬಿಡು. ಮತ್ತೆ ಇವನನ್ನು ನಾನೇ ಬಂಗಲೆಗೆ ಎಳ್ಕೊಂಡು ಹೋಗ್ತೇನೆ."

ಕಾಂತಪ್ಪ ಬಗ್ಗಿದ. ಮಣ್ಣು ತೆಗೆದ. ದಕ್ಷಿಣಕ್ಕೆ ತಿರುಗಿದ. ಆ ದಿಕ್ಕಿನಲ್ಲಿ ಮೊದಲು ಅಂಧೇರಿ, ಆಮೇಲೆ ದಾದರು, ಆಮೇಲೆ ಹಡಗಿನಲ್ಲಿ ಹೋಗಬೇಕಾದ ಸಮುದ್ರ, ಅದರ ಕೊನೆಗೆ ಸೋಗೆ ಹೊದಿಸಿದ ಒಂದು ಸಣ್ಣ ಗುಡಿ. ಗಿರಾಕಿಗೆ ಸುಳ್ಳು ಹೇಳಿದ್ದ, ಪೊಲೀಸಿಗೆ ಹೇಳಿದ್ದ, ಧಣಿಗೆ ಹೇಳಿದ್ದ, ಹೆತ್ತ ತಾಯಿಗೆ ಕಾಗದದಲ್ಲಿ ಬರೆಸಿದ್ದ. ಆ ಗುಡಿಯ ಮುಂದೆ ಅವನ ಅಜ್ಜನೂ ಹೇಳಿರಲಿಲ್ಲ.

ಬೆರಳುಗಳ ನಡುವಿನಿಂದ ಮಣ್ಣು ಉದುರಿತು.

"ಬಿಡಿ ಧಣಿ," ಎಂದ. "ಅವನನ್ನು ಬಿಡಿ. ಅವ ಅಲ್ಲ."

"ಮತ್ತೆ ಯಾರು?"

"ಯಾರೂ ಅಲ್ಲ. ನಾನೇ ಬಿಸಾಡಿದ್ದು. ಅಕೋ, ಆ ಬಂಡೆಯ ಹತ್ತಿರ ಕೆರೆಗೆ."

ಸದಾನಂದನ ಕೈ ಕೊರಳಪಟ್ಟಿಯಿಂದ ಜಾರಿತು. "ಎಂತ? ನನ್ನ ಮಾವನ ಸೈಕಲ್ಲು?"

"ಹೌದು. ಡಬ್ಬಿ, ಕ್ಯಾನು ಸಮೇತ." ಈಗ ಅವನ ದನಿ ಏರಿತು, ಆದರೆ ಅದರಲ್ಲಿ ಮೊಸಳೆ ಇರಲಿಲ್ಲ, ಬುದ್ಧ ಇರಲಿಲ್ಲ. ಬೆರಳು ಸತ್ಯಮೂರ್ತಿಯತ್ತ ಚಾಚಿತ್ತು. "ಇವರು ಬಾ ಅಂದ್ರು. ಸವಾರಿಗೆ ಕರೆದ್ರು ಅಂತ ನಾನು ಹೊಸ ಅಂಗಿ ಹಾಕಿದೆ. ಧಣಿಯ ಕಾಲು ಹಿಡಿದು ಸೈಕಲ್ಲು ತಂದೆ. ಇಡೀ ಹೋಟೆಲಿಗೆ ಹೇಳಿದೆ, ನಾನು ಆಫೀಸಿನವರೊಟ್ಟಿಗೆ ಹೋಗುದು ಅಂತ. ಇಗರ್ಜಿಯ ಹತ್ತಿರ ಎಲ್ಲ ಕೂತ್ರು. ನಾನೂ ಕೂತೆ. ಆಗ ಇವರು ಎಂತ ಹೇಳಿದ್ದು ಗೊತ್ತುಂಟಾ? 'ಮಾಣಿ, ಎದ್ದು ಕಾಫಿ ಕೊಡು. ನಮ್ಮದೆಲ್ಲ ಆದ್ಮೇಲೆ ನೀನು ಆ ಮರದ ಹಿಂದೆ ಕೂತು ಕುಡಿ.' ಉಳಿದ ಮೂರು ಜನ ನಗಾಡಿದ್ರು. ಮತ್ತೆ ಮುಂದೆ ಹೋದ್ರು. ನಾನು ಆ ಭಾರ ಹೊತ್ತು ನೂಕ್ಕೊಂಡು ಬಂದೆ. ಇಲ್ಲಿಗೆ ಬರುವಾಗ ಕಣ್ಣು ಕಾಣ್ಲಿಲ್ಲ ನನಗೆ. ಎತ್ತಿ ಬಿಸಾಡಿದೆ."

"ನಾನು... ಅದರಲ್ಲೇನಿದೆ? ಅಭ್ಯಾಸದಲ್ಲಿ ಬಂದ ಮಾತು," ಎಂದ ಸತ್ಯಮೂರ್ತಿ. ಅವನ ಮುಖ ಕೆಂಪಾಗಿತ್ತು. "ಅಲ್ಲಯ್ಯಾ, ದಾರಿ ತೋರಿಸ್ತೀನಿ ಅಂದವನು ನೀನಲ್ವೇ? ಕಾಡೆಲ್ಲ ಗೊತ್ತು ಅಂತ?"

"ನನಗೆಂತ ಗೊತ್ತು? ಈ ಕಾಡು ನಾನು ಕಂಡದ್ದೇ ಆವತ್ತು. ಮುಂಬಯಿಗೆ ಬಂದ ಮೇಲೆ ಕಾವಲಿ ಬಿಟ್ಟು ಎಲ್ಲಿಗೆ ಹೋಗಿದ್ದೇನೆ ನಾನು? ಗೊತ್ತಿಲ್ಲ ಅಂದಿದ್ರೆ ನೀವು ಕರ್ಕೊಂಡು ಹೋಗ್ತಿದ್ರಾ?"

ಸದಾನಂದ ಆಗಲೇ ಬಂಡೆಯ ಕಡೆ ದಡದಡ ನಡೆದು ಹೋಗಿ, ನೀರಿಗೆ ಬಗ್ಗಿ ನೋಡುತ್ತ, ತುಳುವಿನಲ್ಲಿ ಬೈಯುತ್ತಿದ್ದ.

ಮುರಿಗೆಪ್ಪ ಕೊರಳು ನೀವಿಕೊಳ್ಳುತ್ತ ಕಾಂತಪ್ಪನ ಎದುರಿಗೆ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡರೂ ಕಾಂತಪ್ಪ ಮುಖ ತಿರುಗಿಸಲಿಲ್ಲ. ಹೊಡೆದರೆ ಒಳ್ಳೆಯದಿತ್ತು.

"ಅವರು ನಿನಗ ಅಂದ್ರು, ಖರೆ," ಎಂದ ಮುರಿಗೆಪ್ಪ. "ಅದಕ್ಕ ನನ್ನ ನೌಕರಿ ತಗೀತಿದ್ದೆಲ್ಲೋ? ಇಕಿನ್ನ ಹೊರಗ ಹಾಕಸ್ತಿದ್ದೆಲ್ಲೋ?"

ಕಾಂತಪ್ಪ ಶೀಲಾವತಿಯನ್ನು ನೋಡಿದ. ಅವಳು ಮಣ್ಣಿಗೆ ಬಿದ್ದ ರೊಟ್ಟಿಯನ್ನು ಎತ್ತಿ ಕೊಡವುತ್ತಿದ್ದಳು.

"ಕಾವಲಿನವ ಅಂತ ಒಬ್ಬ ಇದ್ದಾನೆ ಅಂತಲೇ ನಾನು ಯೋಚ್ನೆ ಮಾಡ್ಲಿಲ್ಲ ಅಣ್ಣ," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೆರಳಿಗೆ ಇನ್ನೂ ಒಂದಿಷ್ಟು ಆಣೆಯ ಮಣ್ಣು ಅಂಟಿತ್ತು. "ನಿಮ್ಮ ಮುಖ ಕಂಡ ಮೇಲೂ ನಾನು ಬಾಯಿ ಬಿಡ್ಲಿಲ್ಲ ಅಲ್ವಾ? ಧಣಿ ಆಣೆ ಕೇಳದಿದ್ರೆ ಬಂಗಲೆಗೆ ಬಂದು ತಲೆಯೂ ಆಡಿಸ್ತಿದ್ದೆ."